ಮೇಕಪ್ಪಿಗೆ ಅಷ್ಟು ಹೊತ್ತು ಯಾಕೆ ಅಂತ ಕೇಳುವವರಿಗೆ

ಫೋನಿನಲ್ಲಿ ಕೇಳುತ್ತಾರೆ. ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಕೇಳುತ್ತಾರೆ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರೂ ಬಿಡುವುದಿಲ್ಲ. "ಮುಹೂರ್ತ ಹನ್ನೊಂದೂಮುಕ್ಕಾಲಕ್ಕಲ್ವಾ, ನೀವು ಐದು ಗಂಟೆಗೇ ಬಂದು ಮಾಡುವುದಕ್ಕೆ ಏನುಂಟು?" ಧಾಟಿ ನೋಡಿದರೆ ಉತ್ತರವನ್ನು ಅವರೇ ತೀರ್ಮಾನಿಸಿಕೊಂಡು ಬಂದ ಹಾಗಿರುತ್ತದೆ: ಹೊತ್ತು ಎಳೆದಷ್ಟೂ ಇವಳಿಗೆ ದುಡ್ಡು ಜಾಸ್ತಿ.

ಇಲ್ಲ ಸ್ವಾಮಿ. ನಾನು ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳುವುದಿಲ್ಲ. ಒಬ್ಬ ಮದುಮಗಳಿಗೆ ಇಷ್ಟು ಅಂತ ಮಾತಾದರೆ ಐದಕ್ಕೆ ಬಂದರೂ ಅಷ್ಟೇ, ಎಂಟಕ್ಕೆ ಬಂದರೂ ಅಷ್ಟೇ. ನಾಲ್ಕಕ್ಕೆ ಎದ್ದು ಕತ್ತಲೆಯಲ್ಲಿ ಸ್ಕೂಟರ್ ಓಡಿಸುತ್ತೇನೆ ಅಂತ ನಾನೇನು ಹರಕೆ ಹೊತ್ತಿಲ್ಲ.

ಲೆಕ್ಕ ಬೇಕಲ್ಲ, ತಗೊಳ್ಳಿ. ಮುಖ ತೊಳೆದು ಮಾಯಿಶ್ಚರೈಸರ್, ಮೇಕಪ್ಪಿಗೆ ತಳವಾಗುವ ಪ್ರೈಮರ್ ಹಚ್ಚಿ ಅದು ಚರ್ಮಕ್ಕೆ ಹಿಡಿಯಲು ಕಾಲು ಗಂಟೆ. ಫೌಂಡೇಶನ್, ಕಲೆ ಮುಚ್ಚುವ ಕನ್ಸೀಲರ್‌ಗೆ ಮುಕ್ಕಾಲು ಗಂಟೆ. ಒಂದೇ ಸಲ ದಪ್ಪಗೆ ಬಳಿದು ಕಳಿಸಬಹುದು, ಹತ್ತೇ ನಿಮಿಷದ ಕೆಲಸ. ಆದರೆ ನಮ್ಮ ಊರಿನ ಎಪ್ರಿಲ್ ಸೆಕೆಯಲ್ಲಿ ಹೋಮಕುಂಡದ ಮುಂದೆ ಕೂತ ಸ್ವಲ್ಪ ಹೊತ್ತಿಗೇ ಅದು ಮೂಗಿನ ಬದಿಯಲ್ಲಿ ಬಿರುಕು ಬಿಡುತ್ತದೆ. ತೆಳ್ಳಗೆ ಹಚ್ಚಬೇಕು, ಕಾಯಬೇಕು, ಮತ್ತೆ ಹಚ್ಚಬೇಕು. ಕಣ್ಣಿಗೆ ಅರ್ಧ ಗಂಟೆ, ಹೊಗೆಗೆ ನೀರು ಸುರಿದರೂ ಕಾಡಿಗೆ ಕೆನ್ನೆಗೆ ಇಳಿಯಬಾರದು. ತಲೆಗೆ ಹೂ ಸೇರಿ ಮುಕ್ಕಾಲು ಗಂಟೆ. ಸೀರೆ, ಚಿನ್ನ ಎಂದರೆ ಇನ್ನೊಂದು ಮುಕ್ಕಾಲು. ಒಟ್ಟು ಮೂರು ಗಂಟೆ. ಕ್ಯಾಮೆರಾದವರು ಎಂಟೂವರೆಗೇ ಬಾಗಿಲಲ್ಲಿ ನಿಂತಿರುತ್ತಾರೆ, ಒಂಬತ್ತೂವರೆಗೆ ದಿಬ್ಬಣ. ಐದರಿಂದ ಎಂಟೂವರೆ ಎಂದರೆ ಮೂರೂವರೆ ಗಂಟೆ. ಉಳಿಯುವುದು ಅರ್ಧ ಗಂಟೆ, ಇಡೀ ಕುಟುಂಬ ಬಂದು ಬೀಳುವುದು ಆ ಅರ್ಧ ಗಂಟೆಯ ಮೇಲೆ.

ಹೂವಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಉಡುಪಿ ಮಲ್ಲಿಗೆಯ ಒಂದು ಚೆಂಡಿನಲ್ಲಿ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗಟ್ಟಲೆ ಹೂವನ್ನು ಒಂದು ಬನ್ನಿನ ಮೇಲೆ ನಿಲ್ಲಿಸಬೇಕು. ಮಧ್ಯಾಹ್ನದವರೆಗೆ ಜಗ್ಗಬಾರದು, ಹುಡುಗಿಗೆ ತಲೆನೋವೂ ಬರಬಾರದು. ಹಿಂದಿನ ದಿನವೇ ತಲೆಗೆ ಮೀಯಲಿ, ಆವತ್ತೇ ಮಿಂದ ಜಾರುವ ಕೂದಲಲ್ಲಿ ಪಿನ್ನು ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ.

ಪೆರ್ಲದ ಕಡೆ ಒಂದು ಮದುವೆ. ಐದಕ್ಕೆ ಹೋದರೆ ಹುಡುಗಿ ಇನ್ನೂ ಎಣ್ಣೆ ಅರಸಿನ ಹಚ್ಚಿಸಿಕೊಳ್ಳುತ್ತಾ ಕೂತಿದ್ದಾಳೆ. ಶಾಸ್ತ್ರ ಬಿಡಬೇಕು ಅಂತ ನಾನು ಯಾವತ್ತೂ ಹೇಳಿಲ್ಲ. ಹಣೆಗೆ, ಕೆನ್ನೆಗೆ ಒಂದು ಬೊಟ್ಟು ಮುಟ್ಟಿಸಿದರೆ ಆಯಿತಲ್ಲ? ಅಲ್ಲಿ ಬಂದ ಅತ್ತೆಯಂದಿರೆಲ್ಲ ಮನಸಾರೆ ತಿಕ್ಕಿದ್ದರು. ಮಿಂದು ಬರುವಾಗ ಆರು ಕಾಲು. ಕೂದಲಲ್ಲಿ ನೀರು ಇಳಿಯುತ್ತಿದೆ, ಮುಖ ಹಳದಿ, ಹಚ್ಚಿದ ಪ್ರೈಮರ್ ಎಣ್ಣೆಯ ಮೇಲೆ ಜಾರುತ್ತಿದೆ. ಡ್ರೈಯರ್ ಹಾಕಿದೆ, ಕರೆಂಟು ಹೋಯಿತು. ಕರೆಂಟು ಬಂತು, ಚಿನ್ನದ ಪೆಟ್ಟಿಗೆಯ ಕೀಲಿ ಇಲ್ಲ. ಕೀಲಿ ಇದ್ದದ್ದು ಚಿಕ್ಕಮ್ಮನ ಸೊಂಟದಲ್ಲಿ, ಚಿಕ್ಕಮ್ಮ ಇದ್ದದ್ದು ಅವಲಕ್ಕಿ ಸಜ್ಜಿಗೆಯ ಎದುರಿನಲ್ಲಿ.

ಅಷ್ಟು ಹೊತ್ತಿಗೆ ಸೋದರಮಾವ ಬಾಗಿಲು ಬಡಿಯಲು ಶುರು ಮಾಡಿದರು. "ಆಯ್ತಾ?" ಐದು ನಿಮಿಷ ಬಿಟ್ಟು ಮತ್ತೆ, "ಇನ್ನೂ ಆಗ್ಲಿಲ್ವಾ ಮಾರಾಯ್ತಿ?" ಪ್ರತಿ ಸಲ ಬಡಿದಾಗಲೂ ಹುಡುಗಿ ತಿರುಗಿ ನೋಡುತ್ತಾಳೆ, ಪ್ರತಿ ಸಲ ತಿರುಗಿದಾಗಲೂ ಐಲೈನರ್ ಕಿವಿಯ ಕಡೆ ಹೊರಡುತ್ತದೆ. ಆಮೇಲೆ ಅವರು ಅಂಗಳಕ್ಕೆ ಹೋಗಿ ದಿಬ್ಬಣದವರ ಎದುರು ಹೇಳಿದ್ದು ನನಗೆ ಕಿಟಕಿಯಲ್ಲಿ ಕೇಳಿಸಿತು: "ನಮ್ಮ ಕಡೆಯಿಂದ ಎಲ್ಲ ರೆಡಿ, ಮೇಕಪ್ಪಿನವರದ್ದು ಮಾತ್ರ ತಡ." ವರನ ಕಡೆಯವರು ತಂದ ಧಾರೆ ಸೀರೆ ಆಗಲೂ ನನ್ನ ಕೈಗೆ ಬಂದಿರಲಿಲ್ಲ.

"ನಮ್ಮ ಮದುವೆಗೆ ಪೌಡರು, ಕಾಡಿಗೆ ಅಷ್ಟೇ, ಹತ್ತು ನಿಮಿಷ" ಅನ್ನುವ ದೊಡ್ಡಮ್ಮಂದಿರಿಗೂ ಒಂದು ಮಾತು. ನಿಮ್ಮ ಮದುವೆಗೆ ಬಂದ ಫೋಟೋಗ್ರಾಫರ್ ಹತ್ತಿರ ಇದ್ದದ್ದು 36 ಫೋಟೋದ ರೀಲು, ಅದರಲ್ಲೂ ಅರ್ಧ ನೆಂಟರದ್ದು. ಈಗ ಎಲ್‌ಇಡಿ ಲೈಟು ಮುಖದಿಂದ ಎರಡು ಅಡಿ ದೂರದಲ್ಲಿ ಇರುತ್ತದೆ, ಬೆಳಗ್ಗಿಂದ ಸಂಜೆಯವರೆಗೆ ವೀಡಿಯೋ ಓಡುತ್ತದೆ. ಸಿಲಿಕಾ ಇರುವ ಪೌಡರು ಒಂದು ಚೂರು ಜಾಸ್ತಿಯಾದರೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ಫ್ಲಾಶ್ ಬಿದ್ದ ಫೋಟೋದಲ್ಲಿ ಕಣ್ಣಿನ ಕೆಳಗೆ ಬೂದಿ ಬಳಿದ ಹಾಗೆ ಬರುತ್ತದೆ. ಆ ಫೋಟೋ ಹಿಡಿದುಕೊಂಡು ನೀವೇ ನನಗೆ ಫೋನ್ ಮಾಡುತ್ತೀರಿ.

ಇಷ್ಟು ಹೇಳಿದ ಮೇಲೆ, ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಎಷ್ಟು ಹೊತ್ತು ಅಂತ ಕೇಳುತ್ತೀರಿ, ಎಷ್ಟು ದುಡ್ಡು ಅಂತ ಕೇಳುತ್ತೀರಿ, "ಎರಡು ಶೇಡ್ ಬೆಳ್ಳಗೆ ಮಾಡ್ತೀರಲ್ಲ" ಅಂತ ಹುಡುಗಿಯ ಎದುರಿಗೇ ಕೇಳುತ್ತೀರಿ. ಮದುವೆಗೆ ಮೂರು ತಿಂಗಳು ಇರುವಾಗ "ಇವಳು ಮುಖಕ್ಕೆ ಇದನ್ನು ಹಚ್ಚುತ್ತಿದ್ದಾಳೆ, ಆಗಬಹುದಾ?" ಅಂತ ಯಾಕೆ ಕೇಳುವುದಿಲ್ಲ?

ಮದುವೆಗೆ ಮೊದಲಿನ ಮೇಕಪ್ ಟ್ರಯಲ್‌ಗೆ ಬಂದ ಹುಡುಗಿಯೊಬ್ಬಳು ಬ್ಯಾಗಿನಿಂದ ಸಣ್ಣ ಡಬ್ಬಿ ತೆಗೆದು ತೋರಿಸಿದಳು. ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಬ್ಯಾಚ್ ನಂಬರ್ ಇಲ್ಲ, ಒಳಗೆ ಏನುಂಟು ಅಂತಲೂ ಇಲ್ಲ. ಒಂದೇ ವಾರದಲ್ಲಿ ಬೆಳ್ಳಗಾಗುತ್ತದಂತೆ. ಇಂಥ ಎಷ್ಟೋ ಡಬ್ಬಿಗಳಲ್ಲಿ ಪಾದರಸ ಇರುತ್ತದೆ. ಚರ್ಮ ಬಣ್ಣ ತಯಾರಿಸುವುದನ್ನೇ ಅದು ತಡೆಯುತ್ತದೆ, ಹಾಗಾಗಿ ಬೆಳ್ಳಗಾಗುವುದೂ ಸುಳ್ಳಲ್ಲ. ಆದರೆ ಅದು ಚರ್ಮದ ಮೂಲಕ ಒಳಗೆ ಇಳಿದು ಕಿಡ್ನಿಗೆ ಹೋಗುತ್ತದೆ. ದೂರದ ಕಥೆಯಲ್ಲ, ನಮ್ಮದೇ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನದು. 2021ರ ಜುಲೈಯಿಂದ 2023ರ ಸೆಪ್ಟೆಂಬರ್ ಒಳಗೆ ಅಲ್ಲಿನ ವೈದ್ಯರು ಒಂದೇ ಬಗೆಯ ಕಿಡ್ನಿ ರೋಗದ 22 ಜನರನ್ನು ನೋಡಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅದರ ಒಂದು ಅಪರೂಪದ ರೂಪ, ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆ 2023ರಲ್ಲಿ 'ಆಪರೇಶನ್ ಸೌಂದರ್ಯ' ಅಂತ ಅಂಗಡಿಗಳ ತಪಾಸಣೆಗೆ ಇಳಿದದ್ದೂ ಇಂಥ ಡಬ್ಬಿಗಳಿಗಾಗಿಯೇ.

ಇದನ್ನೆಲ್ಲ ಹುಡುಗಿಯ ಅತ್ತೆಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಆದ್ರೆ ಬೆಳ್ಳಗಾಗಿದ್ದಾಳಲ್ಲ?" ಅಂದರು.

ಹುಡುಗಿಗೆ ಕ್ರೀಮು ಬಿಟ್ಟು ಡಾಕ್ಟರರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸು ಅಂದೆ. ಬಿಟ್ಟಳು. ನಿಧಾನಕ್ಕೆ ಅವಳ ಬಣ್ಣ ಅವಳಿಗೆ ವಾಪಸು ಬಂತು. ಮದುವೆ ದಿನ ಅವಳ ಕುತ್ತಿಗೆಯ ಬಣ್ಣಕ್ಕೆ ಹೊಂದುವ ಫೌಂಡೇಶನ್ನೇ ಹಾಕಿದೆ. ಅತ್ತೆ ನನ್ನ ಕೈಗೆ ಕವರ್ ಕೊಡುತ್ತಾ, ಸ್ವಲ್ಪ ಡಲ್ ಆಯ್ತು ಅಂದರು. ಕವರ್ ತೆಗೆದುಕೊಂಡೆ.

ಮದರಂಗಿಯದ್ದೂ ಇದೇ ಕಥೆ. ಹಿಂದಿನ ರಾತ್ರಿ ಹಾಕಿಸಿ ಬೆಳಗ್ಗೆ "ಕೆಂಪೇ ಬರಲಿಲ್ಲ" ಅಂತ ಅಳುತ್ತಾರೆ. ಅದು ಮೊದಲು ಕಿತ್ತಳೆ ಬಣ್ಣವೇ, ಗಾಢವಾಗಲು ಒಂದೆರಡು ದಿನ ಬೇಕು. ಎರಡು ದಿನ ಮೊದಲು ಹಾಕಿಸಿ. ಒಂದೇ ಗಂಟೆಯಲ್ಲಿ ಕಪ್ಪಾಗುವ ಕೋನ್ ಬೇಡ, ಅಂಥದ್ದರಲ್ಲಿ ಹೆಚ್ಚಾಗಿ ಪಿಪಿಡಿ ಎನ್ನುವ ಹೇರ್ ಡೈ ರಾಸಾಯನಿಕ ಸೇರಿಸಿರುತ್ತಾರೆ. ಕೈ ಗುಳ್ಳೆ ಎದ್ದರೆ ನನ್ನಲ್ಲಿ ಮದ್ದಿಲ್ಲ. ಹೊಸ ಫೇಶಿಯಲ್, ಬ್ಲೀಚ್ ಪ್ರಯೋಗ ಕೊನೆಯ ವಾರದಲ್ಲಿ ಬೇಡವೇ ಬೇಡ. ಹುಬ್ಬು ಎರಡು ಮೂರು ದಿನ ಮೊದಲು ತೆಗೆಸಿ.

ಈಗ ನಿಮ್ಮ ಪ್ರಶ್ನೆ. ಆಯಿತು, ಐದೂವರೆಗೆ ಬರುತ್ತೇನೆ. ಹುಡುಗಿ ಮಿಂದು, ಎರಡು ತುತ್ತು ತಿಂದು, ಮುಂದೆ ಗುಂಡಿ ಇರುವ ಅಂಗಿ ಹಾಕಿ ಕೂತಿರಬೇಕು, ಯಾಕೆಂದರೆ ತಲೆಯ ಮೇಲಿಂದ ಎಳೆಯುವ ನೈಟಿ ತೆಗೆಯುವಾಗ ನನ್ನ ಕೆಲಸ ಅರ್ಧ ಹೋಗುತ್ತದೆ. ಸೀರೆಯನ್ನು ಹಿಂದಿನ ದಿನವೇ ನೆರಿಗೆ ಹಿಡಿದು ಇಸ್ತ್ರಿ ಮಾಡಲು ಕೊಡಿ. ಚಿನ್ನದ ಕೀಲಿ ಕೋಣೆಯ ಒಳಗಿರಲಿ, ಸೋದರಮಾವ ಹೊರಗಿರಲಿ. ಕಿಟಕಿಯ ಹತ್ತಿರ ಒಂದು ಕುರ್ಚಿ, ಅದರ ಬದಿಯಲ್ಲಿ ಕರೆಂಟು ಬರುವ ಪ್ಲಗ್ ಪಾಯಿಂಟ್. ಫೋನ್ ಚಾರ್ಜಿಗೆ ಇಡಲು ಬರುವ ಭಾವಂದಿರಿಗೆ ಬೇರೆ ಕೋಣೆ ತೋರಿಸಿ.