ಮೈದನಹಳ್ಳಿ ಜಿಂಕೆ ವಿಡಿಯೋ ಮಬ್ಬಾಗಿದ್ದು ಲೆನ್ಸಿಂದ ಅಲ್ಲ

ಏಪ್ರಿಲಲ್ಲಿ ಮೈದನಹಳ್ಳಿಗೆ ಕೃಷ್ಣಮೃಗ ಶೂಟ್ ಮಾಡೋಕೆ ಹೋಗಿದ್ದೆ, ಮಧುಗಿರಿ ತಾಲ್ಲೂಕಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದ್ಯಲ್ಲ, 798 ಎಕರೆ ಹುಲ್ಲುಗಾವಲು, ಅಲ್ಲಿಗೆ. ತುಮಕೂರಲ್ಲಿ ತಿಂಡಿ ತಿಂದು ಹೊರಟು ತಲುಪೋ ಹೊತ್ತಿಗೆ ಹನ್ನೊಂದು ದಾಟಿತ್ತು. ಒಂದು ದೊಡ್ಡ ಗಂಡು ಸಿಕ್ತು, ಕಪ್ಪು ಮೈ, ತಿರುಚಿದ ಕೊಂಬು, ಎರಡು ನಿಮಿಷ ಅಲ್ಲಾಡ್ದೆ ನಿಂತಿತ್ತು. ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ನೋಡಿದ್ರೆ ಕೊಂಬಿನ ಉಂಗುರ ಒಂದೂ ಕಾಣ್ತಿಲ್ಲ, ಎಲ್ಲಾ ಮಬ್ಬು. ತುಂಬಾ ಬೇಜಾರಾಯ್ತು.

ನನ್ನದು 24 ಮೆಗಾಪಿಕ್ಸೆಲ್ ಎಪಿಎಸ್‌ಸಿ (ಅಂದ್ರೆ ಮಧ್ಯಮ ಸೈಜಿನ ಸೆನ್ಸರ್) ಮಿರರ್‌ಲೆಸ್ ಕ್ಯಾಮೆರಾ, ಜೊತೆಗೊಂದು ದೂರದ್ದನ್ನ ಹತ್ತಿರ ತೋರಿಸೋ ಸಾಧಾರಣ ಟೆಲಿ ಜೂಮ್ ಲೆನ್ಸ್. ಫ್ರೆಂಡ್ಸೆಲ್ಲ ಲೆನ್ಸ್ ಚೇಂಜ್ ಮಾಡು ಅಂದ್ರು, ನಾನೂ ದುಡ್ಡು ಕೂಡಿಡೋಕೆ ಶುರು ಮಾಡಿದ್ದೆ. ಅಷ್ಟರಲ್ಲಿ ಕ್ಲಿಪ್ ನೋಡಿದ್ದ ಮಾಮ, ಅವ್ರು ಮಧುಗಿರಿ ಕಡೆ ಕಡ್ಲೆಕಾಯಿ ಬೆಳೆಯೋರು, ಫೋನ್ ಮಾಡಿ "ಏನ್ ಮಗಾ, ಜಿಂಕೆ ನೀರೊಳಗೆ ನಿಂತಂಗೈತಲ್ಲ, ಬಿಸಿಲ್ಗುದುರೆ ಕಣೋ ಅದು, ಹೊತ್ತು ಹುಟ್ಟೋವಾಗ ಹೋಗು" ಅಂದ್ರು.

ಕ್ಲಿಪ್ ಮತ್ತೆ ಹಾಕಿ ಕಾಲಿನ ಕಡೆ ನೋಡ್ದೆ. ಹೌದು, ನಾಲ್ಕೂ ಕಾಲು ತೇಲಾಡ್ತಾ ಇದ್ವು! ಕಾದ ನೆಲದ ಮೇಲಿನ ಗಾಳಿ ಒಂದು ಕಡೆ ಬಿಸಿ ಒಂದು ಕಡೆ ಸ್ವಲ್ಪ ತಣ್ಣಗೆ ಇರುತ್ತೆ, ಬೆಳಕು ಅದರೊಳಗಿಂದ ಬರ್ತಾ ಬಾಗ್ತಾ ಬರುತ್ತೆ, ಅದೂ ಕ್ಷಣಕ್ಕೊಂದು ಥರ. ದೂರ ಜಾಸ್ತಿ ಆದಷ್ಟೂ ಈ ಅಲುಗಾಟ ಜಾಸ್ತಿ, ಇನ್ನೂ ಉದ್ದದ ಲೆನ್ಸ್ ಹಾಕಿದ್ರೆ ಅದನ್ನೇ ದೊಡ್ಡದಾಗಿ ತೋರಿಸುತ್ತೆ ಅಷ್ಟೆ. ಲಕ್ಷ ರೂಪಾಯಿ ಕೊಟ್ರೂ ನಡುವೆ ಇರೋ ಗಾಳಿನ ಯಾವ ಲೆನ್ಸೂ ಸರಿ ಮಾಡಲ್ಲ.

ಆದ್ರೂ ಲೆನ್ಸ್ ಮೇಲೆ ಅನುಮಾನ ಪೂರ್ತಿ ಹೋಗಿರ್ಲಿಲ್ಲ. ಭಾನುವಾರ ಟೆರೇಸ್ ಮೇಲೆ ಟ್ರೈಪಾಡ್ ಇಟ್ಟು ಎದುರು ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ ಒಂದೊಂದು ಅಪರ್ಚರಲ್ಲೂ ಹತ್ತು ಸೆಕೆಂಡ್ ರೆಕಾರ್ಡ್ ಮಾಡ್ದೆ. ಅಪರ್ಚರ್ ಅಂದ್ರೆ ಲೆನ್ಸೊಳಗೆ ಬೆಳಕು ಬರೋ ತೂತು, ಎಫ್ ನಂಬರ್ ದೊಡ್ಡದಾದಷ್ಟೂ ತೂತು ಸಣ್ಣದು. ಎಫ್ 8ರಲ್ಲಿ ಸಣ್ಣಕ್ಷರಾನೂ ಓದ್ಬಹುದು, ಎಫ್ 22ರಲ್ಲಿ ಒತ್ತಕ್ಷರ ಎಲ್ಲಾ ಕಲಸ್ಕೊಂಡು ಹೋಗಿತ್ತು, ಮತ್ತೆ ನಾನು ಮೈದನಹಳ್ಳಿಲಿ ಶೂಟ್ ಮಾಡಿದ್ದು ಎಫ್ 22ರಲ್ಲೇ. ಯಾಕಂದ್ರೆ ಸೆಕೆಂಡಿಗೆ 25 ಫ್ರೇಮ್ ವಿಡಿಯೋಗೆ ಶಟರ್, ಅಂದ್ರೆ ಒಂದೊಂದು ಫ್ರೇಮಿಗೂ ಬೆಳಕು ಬೀಳೋ ಹೊತ್ತು, 1/50 ಸೆಕೆಂಡ್ ಇಡ್ಬೇಕು ಅಂತ ಕಲ್ತಿದ್ದೆ, ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ಸೆಟ್ಟಿಂಗ್) 100ಕ್ಕೇ ಇಳಿಸಿದ್ರೂ ಉರಿಬಿಸಿಲಲ್ಲಿ 1/50ಗೆ ಸರಿಯಾದ ಎಕ್ಸ್‌ಪೋಶರ್ ಬರೋದು ಹೆಚ್ಚುಕಮ್ಮಿ ಎಫ್ 22ಕ್ಕೆ. ಅಷ್ಟು ಸಣ್ಣ ತೂತಲ್ಲಿ ಬೆಳಕು ಹರಡ್ಕೊಂಡು ಒಂದು ಚುಕ್ಕೆ ಸೆನ್ಸರ್ ಮೇಲೆ ಸುಮಾರು 29 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಗಲ ಆಗುತ್ತೆ, ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ಲೇ 4 ಮೈಕ್ರಾನ್, ಇನ್ನು ಶಾರ್ಪ್ ಎಲ್ಲಿಂದ ಬರ್ಬೇಕು ಹೇಳಿ. ಇದಕ್ಕೆ ಬೇಕಾಗಿದ್ದು ಎನ್‌ಡಿ ಫಿಲ್ಟರ್, ಅಂದ್ರೆ ಲೆನ್ಸ್‌ಗೆ ಹಾಕೋ ಕೂಲಿಂಗ್ ಗ್ಲಾಸ್ ಅನ್ಕೊಳಿ. ಎನ್‌ಡಿ 8 ಹಾಕಿದ್ರೆ ಬೆಳಕು ಮೂರು ಸ್ಟಾಪ್ ಕಮ್ಮಿ ಆಗಿ, ಅಂದ್ರೆ ಎಂಟರಲ್ಲಿ ಒಂದು ಪಾಲಿಗೆ ಇಳಿದು, ಅದೇ 1/50ರಲ್ಲಿ ಎಫ್ 8 ಸಿಗುತ್ತೆ. ಒಂದೇ ಮಾತು, ತೀರಾ ಅಗ್ಗದ್ದು ತಗೋಬೇಡಿ, ಕಳಪೆ ಗ್ಲಾಸ್ ಇದ್ರೆ ಅದೇ ಮಬ್ಬು ಮಾಡುತ್ತೆ. ಫಿಲ್ಟರ್ ಇಲ್ದಿದ್ರೆ, ನಿಂತಿರೋ ಪ್ರಾಣಿಗೆ ಶಟರ್ 1/400ಕ್ಕೆ ಏರಿಸಿ ಎಫ್ 8 ಇಟ್ಕೊಳಿ ಅಂತಾನೇ ನಾನು ಹೇಳೋದು, ಓಡುವಾಗ ಮಾತ್ರ ಕಟ್ ಕಟ್ ಅನ್ಸುತ್ತೆ.

ಕ್ಯಾಮೆರಾ ಒಳಗಿನ ಶಾರ್ಪ್‌ನೆಸ್ ಸೆಟ್ಟಿಂಗನ್ನೂ ಪೂರ್ತಿ ಇಳಿಸಿದೀನಿ, ಅದು ಹೊಸ ಡೀಟೇಲ್ ಏನೂ ತರಲ್ಲ, ಕೊಂಬಿನ ಅಂಚಿಗೆ ಬಿಳಿ ಗೆರೆ ಎಳೆಯುತ್ತೆ ಅಷ್ಟೆ, ಬೇಕಾದ್ರೆ ಎಡಿಟಿಂಗಲ್ಲಿ ಸ್ವಲ್ಪ ಸೇರಿಸ್ತೀನಿ. ರೆಕಾರ್ಡಿಂಗ್ 4ಕೆ.

ಜೂನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಮತ್ತೆ ಹೋದೆ. ಕತ್ತಲಿರೋವಾಗ್ಲೇ ತುಮಕೂರು ಬಿಟ್ಟು, ಹೊತ್ತು ಮೂಡೋವಾಗ ಕಾಡಂಚಲ್ಲಿ ಕಾರ್ ನಿಲ್ಸಿ ಇಂಜಿನ್ ಎಸಿ ಎರಡೂ ಆಫ್. ಕಿಟಕಿ ಇಳಿಸಿದ್ರೆ ಎಸಿಯ ತಣ್ಣನೆ ಗಾಳಿ ಹೊರಗಿಂದು ಸೇರಿ ಲೆನ್ಸ್ ಮುಂದೇನೇ ಅದೇ ಬಿಸಿಲ್ಗುದುರೆ ಆಟ ಶುರು ಆಗುತ್ತೆ, ಅದಕ್ಕೆ ಸ್ವಲ್ಪ ಹೊತ್ತು ಕಾದೆ. ಕಿಟಕಿ ಮೇಲೆ ರಾಗಿ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ, ಟ್ರೈಪಾಡ್‌ಗಿಂತ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಆಟೋಫೋಕಸ್ ಪದೇ ಪದೇ ಮುಂದಿನ ಹುಲ್ಲನ್ನ ಹಿಡೀತಿತ್ತು, ಮ್ಯಾನುಯಲ್‌ಗೆ ಹಾಕಿ ಸ್ಕ್ರೀನಲ್ಲಿ ಜೂಮ್ ಮಾಡಿ ಕಣ್ಣಿಗೆ ಫೋಕಸ್ ಕೂರಿಸಿದ ಮೇಲೇ ರೆಕಾರ್ಡ್ ಒತ್ತಿದ್ದು. ಎಂಟೂವರೆ ಹೊತ್ತಿಗೆ ದೂರದ ಹುಲ್ಲು ನಡುಗೋಕೆ ಶುರು ಆಯ್ತು, ಪ್ಯಾಕಪ್ ಮಾಡ್ದೆ.

ಈ ಸಲ ಮಾಮಂಗೆ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳಿಸ್ದೆ, ವಿಡಿಯೋ ಆಗಿ ಕಳಿಸಿದ್ರೆ ಹಿಂಡಿಬಿಡುತ್ತೆ. ಸಂಜೆ ಫೋನ್ ಬಂತು. "ಮಗಾ, ಆ ಗಂಡಿಗೆ ಎಡಗಿವಿ ತುದಿ ಹರ್ದೈತಲ್ಲೋ, ನಮ್ಮ ಹೊಲದ ಕಡೆ ಬರೋದು ಅದೇಯ."