ದೊಡ್ಡಮ್ಮ ನೋಡಿದ ಗ್ಯಾಂಗ್‌ಸ್ಟರ್

ಜುಲೈ ತಿಂಗಳೆಂದರೆ ತೆರಿಗೆ ಸಲಹೆಗಾರರಿಗೆ ಮದುವೆಮನೆಯ ಅಡುಗೆಭಟ್ಟರ ಪಾಡು. ಊರಿಗೆಲ್ಲ ಬಡಿಸುತ್ತೇವೆ, ನಮಗೆ ಊಟಕ್ಕೆ ಕೂರಲು ಪುರಸೊತ್ತಿಲ್ಲ. ಕಳೆದ ಆಷಾಢದ ಒಂದು ಭಾನುವಾರ ಬೆಳಗಿನಿಂದ ಹನ್ನೊಂದು ಜನರ ರಿಟರ್ನ್ ತುಂಬಿದ್ದೆ. ಹನ್ನೆರಡನೆಯವರ ಠೇವಣಿಯ ಬಡ್ಡಿ ಮೂರು ಸಲ ಕೂಡಿಸಿದರೂ ತಾಳೆಯಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಟಿವಿಯ ಮುಂದೆ ಕುಳಿತೆ. ಹೊರಗೆ ಮೈಸೂರಿನ ಜಿಟಿಜಿಟಿ ಮಳೆ.

ಇಂಥ ಹೊತ್ತಿನಲ್ಲಿ ನನಗೆ ಬೇಕಾಗುವುದು 1930ರ ದಶಕದ ಕಪ್ಪುಬಿಳುಪು ಹಾಲಿವುಡ್ ಗ್ಯಾಂಗ್‌ಸ್ಟರ್ ಸಿನಿಮಾ. ದಿನವಿಡೀ ಕಾಯಿದೆಯ ಕಲಮುಗಳ ನಡುವೆ ಬದುಕುವವನಿಗೆ ಕಾಯಿದೆಯನ್ನು ಕಾಲಕಸ ಮಾಡಿದವರ ಮೇಲೆ ಮೋಹ ಎಂದು ಹೆಂಡತಿ ಹಂಗಿಸುತ್ತಾಳೆ. ಇದ್ದರೂ ಇರಬಹುದು. ಆದರೆ ಶಿಕಾಗೊ ನಗರವನ್ನು ನಡುಗಿಸಿದ ಅಲ್ ಕಪೋನ್‌ಗೆ 1931ರಲ್ಲಿ ಹನ್ನೊಂದು ವರ್ಷಗಳ ಶಿಕ್ಷೆಯಾದದ್ದು ಕೊಲೆಗಾಗಿ ಅಲ್ಲ, ಆದಾಯ ತೆರಿಗೆ ಕಟ್ಟದೆ ಇದ್ದುದಕ್ಕಾಗಿ. ಕೋವಿ ಹಿಡಿದವರಿಂದ ಆಗದ ಕೆಲಸವನ್ನು ಲೆಕ್ಕದ ಪುಸ್ತಕ ಹಿಡಿದವರು ಮಾಡಿ ಮುಗಿಸಿದರು. ತೆರಿಗೆ ತಪ್ಪಿಸಲು ‘ಏನಾದರೂ ಉಪಾಯ’ ಕೇಳಿಕೊಂಡು ಬರುವ ಕಕ್ಷಿದಾರರಿಗೆ ನಾನು ಈ ಕತೆಯನ್ನು ತಪ್ಪದೆ ಹೇಳುತ್ತೇನೆ.

ಅಂದು ಹಾಕಿದ್ದು ‘ದಿ ಪಬ್ಲಿಕ್ ಎನಿಮಿ’. ವಿಲಿಯಂ ವೆಲ್‌ಮನ್ ನಿರ್ದೇಶನದ, 1931ರ ವಾರ್ನರ್ ಬ್ರದರ್ಸ್ ಚಿತ್ರ. ಏಳೆಂಟು ಸಲ ನೋಡಿದ್ದೇನೆ. ಮಂಡಿನೋವಿನ ಚಿಕಿತ್ಸೆಗೆಂದು ಸಾಗರದ ಕಡೆಯಿಂದ ಬಂದಿದ್ದ ದೊಡ್ಡಮ್ಮ ಕಷಾಯದ ಲೋಟ ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು. ವಯಸ್ಸು ಎಂಬತ್ತೊಂದು, ಇಂಗ್ಲಿಷಿನ ಗಂಧವಿಲ್ಲ. ‘ಇದು ನಿಮಗೆ ಬೇಸರವಾಗುತ್ತದೆ, ಬೇರೆ ಹಾಕುತ್ತೇನೆ’ ಎಂದೆ. ‘ಬಣ್ಣವಿಲ್ಲದ್ದೇ ಕಣ್ಣಿಗೆ ಹಿತ, ಇರಲಿ’ ಎಂದರು.

ಚಿತ್ರದ ಮೊದಲಿಗೆ ಒಂದು ಬರಹ ಬರುತ್ತದೆ. ಪುಂಡರನ್ನು ವೈಭವೀಕರಿಸುವುದು ನಮ್ಮ ಉದ್ದೇಶವಲ್ಲ, ಸಮಾಜದಲ್ಲಿ ಇರುವುದನ್ನು ಇರುವ ಹಾಗೆ ತೋರಿಸುತ್ತಿದ್ದೇವೆ ಎಂಬ ಧಾಟಿಯದು. ಅದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಕಷಾಯ ಗುಟುಕರಿಸಿ, ‘ಪ್ರಸಂಗ ಮುಗಿದ ಮೇಲೆ ಮಂಗಳ ಹಾಡುವುದಿಲ್ಲವೇ, ಹಾಗೆ. ಇವರು ಮೊದಲೇ ಹಾಡಿದ್ದಾರೆ. ಮಂಗಳ ಕೇಳಲೆಂದು ಯಾರೂ ಆಟಕ್ಕೆ ಹೋಗುವುದಿಲ್ಲ’ ಎಂದರು. ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೇಳಿಯೇ ಬೆಳೆದವರು. ಕೌರವ ಸೋಲುತ್ತಾನೆಂದು ಗೊತ್ತಿದ್ದೂ ಅವನ ಮಾತಿಗಾಗಿ ಬೆಳಗಿನವರೆಗೆ ಕೂತವರು. ಅವರಿಗೆ ನಾನು ವಿವರಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ.

1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಯಾಗುವ ಹಿಂದಿನ ರಾತ್ರಿಯ ದೃಶ್ಯ ಬಂತು. ಜನ ಮುಗಿಬಿದ್ದು ಬಾಟಲಿ ಕೊಳ್ಳುತ್ತಾರೆ. ಹೂ ಮಾರುವವನು ಗಾಡಿಯಲ್ಲಿದ್ದ ಹೂವನ್ನೆಲ್ಲ ಬೀದಿಗೆ ಸುರಿದು ಮದ್ಯ ತುಂಬಿಕೊಳ್ಳುತ್ತಾನೆ. ಮಗುವಿನ ತಳ್ಳುಗಾಡಿಯಲ್ಲೂ ಬಾಟಲಿಗಳೇ. ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಈ ನಿಷೇಧ 1933ರವರೆಗೆ ಇತ್ತು, ಇವರೆಲ್ಲ ದುಡ್ಡು ಮಾಡಿದ್ದು ಅದರಿಂದಲೇ ಎಂದು ಹೇಳಲು ಹೋದೆ. ‘ಸುಮ್ಮನಿರು ತಮ್ಮಾ, ನೋಡಲು ಬಿಡು’ ಎಂದು ಗದರಿದರು.

ನಾಯಕ ಟಾಮ್ ಪವರ್ಸ್ ಆಗಿ ಜೇಮ್ಸ್ ಕ್ಯಾಗ್ನಿ. ಗಿಡ್ಡ ಆಳು, ಅಂಥ ರೂಪವಂತನೇನಲ್ಲ. ಮೊದಲು ಅವನಿಗೆ ಕೊಟ್ಟಿದ್ದುದು ಜೊತೆಗಾರನ ಪಾತ್ರ. ಚಿತ್ರೀಕರಣ ಶುರುವಾದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡಿದರು. ನಾಯಕನಾಗಬೇಕಿದ್ದ ಎಡ್ವರ್ಡ್ ವುಡ್ಸ್‌ನನ್ನು ಇಂದು ನೆನೆಯುವವರು ನನ್ನಂಥ ಹುಚ್ಚರು ಮಾತ್ರ. ಕ್ಯಾಗ್ನಿ ಅಂಗಾಲನ್ನು ಪೂರ್ತಿ ಊರುವುದೇ ಇಲ್ಲ, ಮಾತು ಹುರಿದ ಜೋಳ ಸಿಡಿದಂತೆ. ಚಲನಚಿತ್ರಕ್ಕೆ ಮಾತು ಬಂದು ಆಗ ನಾಲ್ಕೇ ವರ್ಷ. ಬಹುತೇಕ ನಟರು ರಂಗದ ಮೇಲೆ ನಿಂತು ಭಾಷಣ ಮಾಡುವವರಂತೆ ಸಂಭಾಷಣೆ ಒಪ್ಪಿಸುತ್ತಿದ್ದಾಗ ಇವನು ಬೀದಿಯಲ್ಲಿ ಮಾತಾಡಿದಂತೆ ಮಾತಾಡಿದ. ‘ಇವನು ನಡೆಯುವುದಿಲ್ಲ, ಕುಣಿಯುತ್ತಾನೆ’ ಎಂದು ದೊಡ್ಡಮ್ಮ ಅಂದಾಗ ನಾನು ಬೆಚ್ಚಿದೆ. ಸಿನಿಮಾಕ್ಕೆ ಬರುವ ಮೊದಲು ಕ್ಯಾಗ್ನಿ ರಂಗದ ಮೇಲಿನ ನೃತ್ಯಗಾರನೇ. ಅವನಿಗೆ ಆಸ್ಕರ್ ಬಂದದ್ದೂ ಹಾಡಿ ಕುಣಿದ ಪಾತ್ರಕ್ಕೆ. ಇದು ನನಗೆ ಗೊತ್ತಾದದ್ದು ಓದಿ.

ಬೆಳಗಿನ ತಿಂಡಿಯ ಹೊತ್ತಿನಲ್ಲಿ ಕಿರಿಕಿರಿಗೊಂಡು ಅರ್ಧ ಹೋಳು ಹಣ್ಣನ್ನು ಗೆಳತಿಯ ಮುಖಕ್ಕೆ ತಿಕ್ಕುವ ದೃಶ್ಯ ಜಗತ್ಪ್ರಸಿದ್ಧ. ‘ಛೀ! ಅದೇನು, ಚಕ್ಕೋತವೇ?’ ಎಂದರು. ಅದರ ಹತ್ತಿರದ ಬಂಧು ಎಂದೆ. ಆಮೇಲೆ ಹತ್ತು ನಿಮಿಷ ಅವನನ್ನು ಬೈಯುತ್ತಲೇ ಇದ್ದರು, ಕಣ್ಣು ಮಾತ್ರ ಅವನ ಮೇಲಿಂದ ಸರಿಯಲಿಲ್ಲ.

ಈ ಚಿತ್ರಗಳಲ್ಲಿ ನನ್ನನ್ನು ಹಿಡಿದಿರುವುದು ಅದೇ. ‘ಲಿಟಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, ‘ಸ್ಕಾರ್‌ಫೇಸ್’ ಮೂರೂ 1931 ಮತ್ತು 1932ರಲ್ಲಿ ಬಂದವು. ಷೇರುಪೇಟೆ ಕುಸಿದು, ಕೆಲಸ ಕಳೆದುಕೊಂಡವರು ಗಂಜಿಕೇಂದ್ರದ ಮುಂದೆ ಸಾಲು ನಿಂತ ಕಾಲ. ಕತ್ತಲಲ್ಲಿ ಕುಳಿತವರಿಗೆ ತೆರೆಯ ಮೇಲೆ ತಮ್ಮಂಥವನೇ ಒಬ್ಬ ಹೊಸ ಸೂಟು ಹೊಲಿಸುವುದು, ಯಾರಿಗೂ ಸಲಾಮು ಹೊಡೆಯದೆ ಕಾರು ಹತ್ತುವುದು ಕಾಣುತ್ತಿತ್ತು. ಅವನ ಸಾವು ಟಿಕೆಟಿನ ಬೆಲೆಯಲ್ಲೇ ಸೇರಿತ್ತು. ನಟರೂ ಹೊರಗಿನಿಂದ ಬಂದವರೇ. ‘ಲಿಟಲ್ ಸೀಸರ್’ನ ನಾಯಕ ಎಡ್ವರ್ಡ್ ಜಿ. ರಾಬಿನ್ಸನ್ ಬುಖಾರೆಸ್ಟ್‌ನಲ್ಲಿ ಹುಟ್ಟಿದ ಯಹೂದಿ. ತೆರೆಯ ಮೇಲೆ ಗುಂಡು ಹಾರಿಸುತ್ತಿದ್ದ ಆ ಮನುಷ್ಯ ಮನೆಯಲ್ಲಿ ಒಳ್ಳೆಯ ವರ್ಣಚಿತ್ರಗಳನ್ನು ಕೂಡಿಹಾಕುತ್ತಿದ್ದ. 1934ರಲ್ಲಿ, ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂದು ಹೇಳುವ ಹಾಲಿವುಡ್‌ನ ನೀತಿಸಂಹಿತೆಯ ಹಿಡಿತ ಬಿಗಿಯಾಯಿತು. ಮರುವರ್ಷವೇ ಕ್ಯಾಗ್ನಿಗೆ ಸರ್ಕಾರಿ ಪತ್ತೇದಾರನ ವೇಷ ಹಾಕಿಸಿದರು. ಕೈಯಲ್ಲಿ ಅದೇ ಕೋವಿ. ನನಗೆ ಆ ಚಿತ್ರ ರುಚಿಸಲಿಲ್ಲ.

ಮಧ್ಯದಲ್ಲಿ ಒಂದು ಕುದುರೆಯ ಪ್ರಸಂಗವಿದೆ. ಕುದುರೆಯಿಂದ ಬಿದ್ದು ಗುಂಪಿನ ನಾಯಕ ಸಾಯುತ್ತಾನೆ. ಟಾಮ್ ಲಾಯಕ್ಕೆ ಹೋಗಿ, ಬೆಲೆ ವಿಚಾರಿಸಿ, ಹಣ ಎಣಿಸಿ ಕೊಟ್ಟು, ಆ ಕುದುರೆಗೆ ಗುಂಡಿಕ್ಕುತ್ತಾನೆ. ನಮಗೆ ಕೇಳುವುದು ಸದ್ದು ಮಾತ್ರ. ‘ಪಾಪ, ಅದೇನು ಮಾಡಿತ್ತು?’ ಎಂದು ದೊಡ್ಡಮ್ಮ ಲೋಟ ಕೆಳಗಿಟ್ಟರು. ಈ ಚಿತ್ರದಲ್ಲಿ ಕೊಲ್ಲುವುದನ್ನು ಎದುರಿಗೆ ತೋರಿಸುವುದೇ ಅಪರೂಪ. ಕೊನೆಗೆ ಟಾಮ್ ಎರಡು ಪಿಸ್ತೂಲು ಹಿಡಿದು ಒಬ್ಬನೇ ವೈರಿಗಳ ಅಡ್ಡೆಗೆ ನುಗ್ಗುವಾಗಲೂ ಕ್ಯಾಮೆರಾ ಹೊರಗೆ ಮಳೆಯಲ್ಲೇ ನಿಂತಿರುತ್ತದೆ. ಒಳಗೆ ಗುಂಡಿನ ಸದ್ದು, ಚೀತ್ಕಾರ. ಅವನು ತೂರಾಡುತ್ತ ಹೊರಬಂದು, ತಾನು ಅಂಥ ಗಟ್ಟಿಗನೇನಲ್ಲ ಎಂದು ಗೊಣಗಿ ಬೀದಿಯ ಕಾಲುವೆಗೆ ಕುಸಿಯುತ್ತಾನೆ. ಇದೇ ದೃಶ್ಯ ಬಣ್ಣದಲ್ಲಿದ್ದರೆ ನಾವು ರಕ್ತ ನೋಡುತ್ತಿದ್ದೆವು. ಇಲ್ಲಿ ಕಾಣುವುದು ದೀಪದ ಬೆಳಕಿನಲ್ಲಿ ಹೊಳೆಯುವ ನೀರು, ಅದರಲ್ಲಿ ಒದ್ದೆಯಾದ ಒಬ್ಬ ಹುಡುಗ. ನಮ್ಮ ಕಿಟಕಿಯ ಹೊರಗೂ ಮಳೆ ಹೊಯ್ಯುತ್ತಿತ್ತು. ಯಾವ ಸದ್ದು ಯಾವ ಮಳೆಯದೆಂದು ಒಂದು ಗಳಿಗೆ ತಿಳಿಯಲಿಲ್ಲ.

ಕೊನೆಯ ದೃಶ್ಯ. ಮಗ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದಾನೆಂದು ಫೋನ್ ಬರುತ್ತದೆ. ತಾಯಿ ಸಂಭ್ರಮದಿಂದ ಮಹಡಿ ಹತ್ತಿ, ಹಾಡು ಗುನುಗುತ್ತ ಅವನ ಹಾಸಿಗೆ ಸಿದ್ಧಮಾಡುತ್ತಾಳೆ. ಕೆಳಗೆ ಗ್ರಾಮಫೋನ್ ಹಾಡುತ್ತಿರುತ್ತದೆ. ಬಾಗಿಲು ಬಡಿದ ಸದ್ದು. ಅಣ್ಣ ತೆರೆದರೆ, ಬ್ಯಾಂಡೇಜು ಸುತ್ತಿ ಹಗ್ಗ ಬಿಗಿದ ಟಾಮ್‌ನ ಹೆಣ ಹೊಸ್ತಿಲಲ್ಲಿ ನಿಂತು ತೊನೆದು, ಮುಖ ಅಡಿಯಾಗಿ ಒಳಕ್ಕೆ ಬೀಳುತ್ತದೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ.

ದೊಡ್ಡಮ್ಮ ಅಲುಗಲಿಲ್ಲ. ಟಿವಿ ಆರಿಸಿದೆ. ‘ಒಂದೂವರೆ ತಾಸೂ ಇಲ್ಲವಲ್ಲ’ ಎಂದಷ್ಟೇ ಹೇಳಿ, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ನಾನು ಮತ್ತೆ ಬಡ್ಡಿಯ ಲೆಕ್ಕಕ್ಕೆ ಕೂತೆ.

ರಾತ್ರಿ ಹತ್ತರ ಮೇಲೆ, ದೀಪ ಆರಿಸಿದ ಕೋಣೆಯಿಂದ ಕರೆದರು.

‘ತಮ್ಮಾ, ಆ ಹೆಂಗಸು ಮಹಡಿಯಿಂದ ಇಳಿದು ಬಂದದ್ದನ್ನು ತೋರಿಸಲೇ ಇಲ್ಲವಲ್ಲ?’

‘ಇಲ್ಲ ದೊಡ್ಡಮ್ಮ. ಅಲ್ಲಿಗೇ ಮುಗಿಯುತ್ತದೆ.’

‘ಮುಂದಿನ ಭಾಗ ಇದೆಯೇ?’

‘ಇಲ್ಲ.’

ಸ್ವಲ್ಪ ಹೊತ್ತು ಮಾತಿಲ್ಲ. ನಿದ್ದೆ ಹತ್ತಿತೆಂದುಕೊಂಡೆ. ‘ದಿಂಬನ್ನೂ ಕೊಡವಿ ಇಟ್ಟಿದ್ದಳು’ ಎಂದರು, ಮಗ್ಗುಲು ಬದಲಿಸಿದ ಸದ್ದಾಯಿತು.

ಏಳೆಂಟು ಸಲ ನೋಡಿದ್ದರೂ ನಾನು ಪ್ರತಿ ಸಲ ಕಾದದ್ದು ಆ ಹೆಣ ಬೀಳುವುದನ್ನು. ಟಿವಿ ಮತ್ತೆ ಹಾಕಿ, ಧ್ವನಿ ಪೂರ್ತಿ ತಗ್ಗಿಸಿ, ಕೊನೆಯ ಮೂರು ನಿಮಿಷವನ್ನು ನಿಂತುಕೊಂಡೇ ನೋಡಿದೆ. ಹೌದು, ದಿಂಬು.