27 ಲಕ್ಷ ಟೋಕನ್

ಮೂರು ತಿಂಗಳಿಂದ ರಾತ್ರಿ ಕೂತು ಒಂದು ಪುಟ್ಟ ಲಿಸ್ಪ್ (ಅದೊಂದು ಪ್ರೋಗ್ರಾಮಿಂಗ್ ಭಾಷೆ) ಕಟ್ಟುತ್ತಿದ್ದೇನೆ. ಸಾವಿರಾರು ಕೋರ್, ಅಂದ್ರೆ ಒಟ್ಟೊಟ್ಟಿಗೆ ಲೆಕ್ಕ ಮಾಡುವ ಘಟಕಗಳು, ಇರುವ ಮಷೀನು, ಅದರಲ್ಲಿ ಹತ್ತಾರು ಜನ ಒಟ್ಟಿಗೆ ಕೋಡ್ ಓಡಿಸಬೇಕು ಅನ್ನೋದು ಆಸೆ. ಸದ್ಯಕ್ಕಿರುವುದು ದಾವಣಗೆರೆಯ ನಮ್ಮ ಮನೆಯ ಎಂಟು ಕೋರಿನ ಹಳೇ ಡೆಸ್ಕ್‌ಟಾಪ್. ಬಳಸೋರು ಇಬ್ಬರೇ, ನಾನು ಮತ್ತು ನನ್ನ ಭಾವಮೈದ.

ಮೊದಲು ಅಡ್ಡ ಬಂದದ್ದು ಲಿಸ್ಟ್. ಮೆಕಾರ್ಥಿ 1958ರಲ್ಲಿ ಲಿಸ್ಪ್ ಶುರು ಮಾಡಿದಾಗಿಂದ ಲಿಸ್ಟ್ ಅಂದ್ರೆ ಒಂದು ತಲೆ, ಒಂದು ಬಾಲ. ನೂರನೆಯದು ಬೇಕಂದ್ರೆ 99 ದಾಟಲೇಬೇಕು, ಚಿತ್ರದುರ್ಗದ ಕೋಟೆ ಹತ್ತಿದ ಹಾಗೆ, ಒಂದು ಬಾಗಿಲು ದಾಟದೆ ಇನ್ನೊಂದು ಸಿಗಲ್ಲ. ಎಂಟು ಕೋರ್ ಇದ್ದರೂ ಏಳು ಸುಮ್ನೆ ಕೂತಿರುತ್ತವೆ. 65,536 ಪ್ರೊಸೆಸರಿನ ಕನೆಕ್ಷನ್ ಮಷೀನಿಗೆ ಲಿಸ್ಪ್ ರೂಪಿಸಿದವರೂ ಕ್ಸೆಕ್ಟರ್ ಅನ್ನೋ, ಎಲ್ಲ ಅಂಶಗಳ ಮೇಲೂ ಒಟ್ಟಿಗೆ ಕೆಲಸ ಮಾಡಬಹುದಾದ ಬೇರೆ ರಚನೆಯನ್ನೇ ತಂದರು. ನಾನು ಲಿಸ್ಟನ್ನು ಒಳಗೊಳಗೆ ಮರ ಮಾಡಿದೆ: ನಡುವೆ ಸೀಳು, ಎರಡೂ ಕಡೆ ಲೆಕ್ಕ ಮಾಡು, ಕೂಡಿಸು. ಸಂಕಲನಕ್ಕೆ ತೊಂದರೆಯಿಲ್ಲ. ವ್ಯವಕಲನ ಕೈಕೊಟ್ಟಿತು, ಎಲ್ಲಿ ಸೀಳುತ್ತೇವೆ ಅನ್ನೋದರ ಮೇಲೆ ಉತ್ತರವೇ ಬದಲಾಗುತ್ತೆ. 10ರಲ್ಲಿ 4 ಕಳೆದು, ಆಮೇಲೆ 3 ಕಳೆದರೆ 3. ಮೊದಲು 4ರಲ್ಲಿ 3 ಕಳೆದು, ಬಂದದ್ದನ್ನು 10ರಲ್ಲಿ ಕಳೆದರೆ 9!

ಆಮೇಲೆ ಫ್ಯೂಚರ್, ಅಂದ್ರೆ ಲೆಕ್ಕ ಮುಗಿಯೋ ಮೊದಲೇ ಕೈಗೆ ಸಿಗುವ ಉತ್ತರದ ಚೀಟಿ. 1985ರ ಹೊತ್ತಿಗೆ ಹಾಲ್‌ಸ್ಟೆಡ್ ತಮ್ಮ ಮಲ್ಟಿಲಿಸ್ಪ್‌ನಲ್ಲಿ ಬಳಸಿದ್ದು. ಬೆಣ್ಣೆದೋಸೆ ಹೋಟೆಲಿನ ಟೋಕನ್ ಇದ್ದಂತೆ: ದೋಸೆ ಹಂಚಿನ ಮೇಲಿರುವಾಗಲೇ ಟೋಕನ್ ನಿಮ್ಮ ಕೈಲಿರುತ್ತೆ, ನೀವು ಹರಟೆ ಹೊಡೀಬಹುದು, ತಿನ್ನೋ ಹೊತ್ತಿಗೆ ಮಾತ್ರ ಕಾಯಬೇಕು. ಖುಷಿಯಲ್ಲಿ ಫಿಬೊನಾಚಿ ಸರಣಿ (ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು) ಲೆಕ್ಕ ಹಾಕೋ ಫಂಕ್ಷನ್ ತನ್ನನ್ನೇ ಕರೆಯುವ ಪ್ರತಿ ಕರೆಗೂ ಫ್ಯೂಚರ್ ಹಾಕಿದೆ. 30ನೇ ಸಂಖ್ಯೆಗೇ ಸುಮಾರು 27 ಲಕ್ಷ ಕರೆ. ದೋಸೆಗಿಂತ ಟೋಕನ್ ಬರೆಯೋದೇ ಜಾಸ್ತಿ ಆಯ್ತು, ಒಂದೇ ಕೋರ್ ಇದಕ್ಕಿಂತ ಬೇಗ ಮುಗಿಸಿತು. ಈಗ ಟೋಕನ್ ಬರೆಯಲ್ಲ, ಒಂದು ಗುರುತು ಇಟ್ಟು ಮುಂದೆ ಹೋಗ್ತೀನಿ. ಖಾಲಿ ಇರುವ ಕೋರ್ ಬಂದು ಎತ್ತಿಕೊಂಡರೆ ಮಾತ್ರ ಅದು ಬೇರೆ ಕೆಲಸವಾಗುತ್ತೆ.

ಕಷ್ಟ ಇರೋದು ಜನರನ್ನು ಸಂಭಾಳಿಸೋದರಲ್ಲಿ. ಭಾವಮೈದ ಮೊದಲ ದಿನವೇ ಮುಗಿಯದ ಲೂಪ್ ಓಡಿಸಿ ಮಷೀನು ಮಲಗಿಸಿದ. ಅದಕ್ಕೇ ಒಬ್ಬೊಬ್ಬರಿಗೆ ಇಷ್ಟು ಲೀಟರ್ ಅಂತ ಪೆಟ್ರೋಲ್ ಇಟ್ಟೆ. ಒಂದೊಂದು ಕರೆಗೂ ಒಂದಿಷ್ಟು ಕಳೆಯುತ್ತೆ, ಖಾಲಿ ಆದರೆ ಅವನ ಕೆಲಸ ಮಾತ್ರ ನಿಲ್ಲುತ್ತೆ. ಕರೆದವರ ಖಾತೆಯಿಂದ ಕಳೆಯೋದು ಅಂತ ನಿಯಮ. ಚೆನ್ನಾಗೇ ಇತ್ತು, ಅಲ್ವಾ?

ಮೊನ್ನೆ ಅವನು ಒಂದು ಫಂಕ್ಷನ್ ಕೊಟ್ಟು, "ಭಾವ, ನಿಮ್ಮ ಲಿಸ್ಟ್ ಇದರಲ್ಲಿ ಸಾರ್ಟ್ ಮಾಡಿ ನೋಡಿ" ಅಂದ. ಒಳಗೆ ಅದೇ ಲೂಪ್. ಕರೆದವನು ನಾನು, ಖಾಲಿಯಾದದ್ದು ನನ್ನ ಪೆಟ್ರೋಲ್.